ಮೇಣದ ಬತ್ತಿಯ ಬೆಳಕಿನಲ್ಲಿ ಕುಬ್ರಿಕ್

(ಮೈಸೂರಿನ ಸಿನಿಮಾಸಕ್ತರ ಸಣ್ಣ ಬಳಗವೊಂದು ಭಾನುವಾರ ಸಂಜೆ ಏರ್ಪಡಿಸಿದ್ದ ಚಿತ್ರಪ್ರದರ್ಶನಕ್ಕೆ ಮುನ್ನ ಆಡಿದ ಮಾತುಗಳ ಬರಹ ರೂಪ.)

ಭಾನುವಾರ ಸಂಜೆ ಏಳು ಗಂಟೆಗೆ ಮೈಸೂರಿನಲ್ಲಿ ಜನರನ್ನು ಒಂದು ಕೋಣೆಯೊಳಗೆ ಕೂರಿಸುವುದು ಸುಲಭವಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುವ ಹೊತ್ತು ಇದು. ಅದನ್ನು ಬಿಟ್ಟು ಬಂದಿರುವ ನಿಮ್ಮೆದುರು ನಾನು ಮಾತನಾಡಬೇಕಾಗಿರುವುದು, ಅದಕ್ಕೆ ಪೂರ್ತಿ ವಿರುದ್ಧವಾಗಿ, ಒಂದು ಮೇಜಿನ ಮೇಲೆ ಉರಿಯುವ ಕೆಲವೇ ಮೇಣದ ಬತ್ತಿಗಳ ಬೆಳಕಿನಲ್ಲಿ ಸಿನಿಮಾ ತೆಗೆದೇ ತೀರುತ್ತೇನೆಂದು ಹಟ ಹಿಡಿದ ಒಬ್ಬ ನಿರ್ದೇಶಕನನ್ನು ಕುರಿತು. ಅವರ ಹೆಸರು ಸ್ಟ್ಯಾನ್ಲಿ ಕುಬ್ರಿಕ್.

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಹೊರಟು ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿದ ಪುಟ್ಟಣ್ಣನವರು ಇರುವಾಗ ನ್ಯೂಯಾರ್ಕಿನವನನ್ನು ಏಕೆ ಆರಿಸಿಕೊಂಡಿರಿ ಎಂದು ಬಳಗದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಪುಟ್ಟಣ್ಣನವರು ಈ ಮಾತಿನ ನಡುವೆ ಒಮ್ಮೆ ಬಂದು ಹೋಗುತ್ತಾರೆ. ಕುಬ್ರಿಕ್‌ರನ್ನು ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಮನೆಯದು, ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ತಂದೆಯವರು ಶಿವರಾಂಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದರು. ಮುಂದಿನ ಕೋಣೆಯಲ್ಲಿ ಬಣ್ಣದ ಪರದೆ ಮತ್ತು ಒಂದು ಕುರ್ಚಿ, ಹಿಂದೆ ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆಯ ಡಾರ್ಕ್ ರೂಮು. ಮದುವೆಗಳಿಗೆ ಹೋಗುವಾಗ ಯಾಶಿಕಾ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಫ್ಲ್ಯಾಶನ್ನು ಹಿಡಿಯಲು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಶ್ರೀರಂಗಪಟ್ಟಣದ ಆಚೆಗಿನ ಒಂದು ಹಳ್ಳಿಯ ಮದುವೆಮನೆಯಲ್ಲಿ ರಾತ್ರಿ ಕರೆಂಟು ಹೋಯಿತು. ಫ್ಲ್ಯಾಶಿನ ಬ್ಯಾಟರಿಯೂ ಸತ್ತುಹೋಗಿತ್ತು. ಉಳಿದದ್ದು ದೇವರ ಮುಂದಿನ ಎರಡು ದೀಪದ ಕಂಬಗಳು ಮಾತ್ರ. ತಂದೆಯವರು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಲೆನ್ಸನ್ನು ಪೂರ್ತಿ ತೆರೆದು, ಎಲ್ಲರೂ ಉಸಿರು ಬಿಗಿಹಿಡಿದು ಕೂರಬೇಕೆಂದು ಹೇಳಿ, ಒಂದು ಸೆಕೆಂಡು ಶಟರ್ ಬಿಟ್ಟರು. ತೊಳೆದು ನೋಡಿದಾಗ ಮದುಮಗ ಮಂಜಾಗಿದ್ದ, ಮದುಮಗಳು ಮಂಜಾಗಿದ್ದಳು, ಬೀಗರು ಬಿಳಿಯ ಹೊಗೆಯಂತೆ ಕಾಣುತ್ತಿದ್ದರು. ಮೂಲೆಯಲ್ಲಿ ಗೋಡೆಗೆ ಒರಗಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ಮಾತ್ರ, ಕೈಬೆರಳಿನ ನೆರಿಗೆ ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದರು. ಮದುವೆಯ ಮನೆಯವರು ಆ ಚಿತ್ರವನ್ನು ಬೇಡವೆಂದರು. ತಂದೆಯವರು ಅದನ್ನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡರು.

ಎಷ್ಟೋ ವರ್ಷಗಳ ನಂತರ ನಾನು ಕುಬ್ರಿಕ್‌ರ ‘ಬ್ಯಾರಿ ಲಿಂಡನ್’ ನೋಡಿದಾಗ ಕಣ್ಣಿಗೆ ಕಟ್ಟಿದ್ದು ಆ ಅಜ್ಜಿಯ ಕೈ. 1975ರಲ್ಲಿ ತೆರೆಕಂಡ ಈ ಚಿತ್ರದ ಕಥೆ ನಡೆಯುವುದು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ. ಆಗ ರಾತ್ರಿಯ ಬೆಳಕೆಂದರೆ ಬತ್ತಿಯ ಬೆಳಕೇ. ಅಂಥ ದೃಶ್ಯಗಳಿಗೆ ಚಿತ್ರರಂಗದಲ್ಲಿ ಒಂದು ರೂಢಿಯಿತ್ತು: ಮೇಜಿನ ಮೇಲೆ ಬತ್ತಿ ಹಚ್ಚಿಡುವುದು, ಮೇಲಿನಿಂದ ದೊಡ್ಡ ದೀಪಗಳನ್ನು ಬಿಡುವುದು. ನೋಡುವವರೂ ಅದನ್ನು ಒಪ್ಪಿಕೊಂಡಿದ್ದರು. ಕುಬ್ರಿಕ್ ಒಪ್ಪಲಿಲ್ಲ. ಅಮೆರಿಕದ ಅಂತರಿಕ್ಷ ಸಂಸ್ಥೆ ನಾಸಾಕ್ಕಾಗಿ ಜರ್ಮನಿಯ ಝೈಸ್ ಕಂಪನಿ ತಯಾರಿಸಿದ್ದ 50 ಮಿಲಿಮೀಟರಿನ ವಿಶೇಷ ಲೆನ್ಸುಗಳಲ್ಲಿ ಮೂರನ್ನು ಅವರು ಕೊಂಡುಕೊಂಡರು. ಅದರ ಅಪರ್ಚರ್ ಸಂಖ್ಯೆ 0.7.

ಈ ಸಂಖ್ಯೆಯ ಅರ್ಥವೇನೆಂದು ತಂದೆಯವರ ಕ್ಯಾಮೆರಾವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಯಾಶಿಕಾದ ಲೆನ್ಸನ್ನು ಪೂರ್ತಿ ತೆರೆದರೆ 3.5. ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಬೆಳಕನ್ನು ಒಳಗೆ ಬಿಡುವ ಕಿಂಡಿ ದೊಡ್ಡದು. 3.5ನ್ನು 0.7ರಿಂದ ಭಾಗಿಸಿದರೆ 5, ಬೆಳಕು ಅದರ ವರ್ಗದಷ್ಟು, ಎಂದರೆ 25 ಪಟ್ಟು. ನಮ್ಮ ತಂದೆಯವರಿಗೆ ಒಂದು ಸೆಕೆಂಡು ಬೇಕಾದ ಕಡೆ ಕುಬ್ರಿಕ್‌ರ ಲೆನ್ಸಿಗೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಸಾಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುವುದರಿಂದ ಒಂದೊಂದಕ್ಕೂ ಸಿಗುವುದು ಸುಮಾರು ಐವತ್ತನೆಯ ಒಂದು ಭಾಗ. ಇನ್ನೂ ಅರ್ಧದಷ್ಟು ಬೆಳಕು ಕಡಿಮೆ ಬಿತ್ತು. ಅದನ್ನು ಫಿಲ್ಮ್ ತೊಳೆಯುವಾಗ ಹೆಚ್ಚು ಹೊತ್ತು ಬಿಟ್ಟು ತುಂಬಿಕೊಂಡರು. ಸ್ಟುಡಿಯೋದವರು ಇದನ್ನು ಪುಶ್ ಮಾಡುವುದು ಎನ್ನುತ್ತಾರೆ. ಛಾಯಾಗ್ರಾಹಕ ಜಾನ್ ಆಲ್ಕಾಟ್ ಇಡೀ ಚಿತ್ರಕ್ಕೇ ಈ ಕ್ರಮವನ್ನು ಅನುಸರಿಸಿದರು. ಲೆಕ್ಕ ಕೂಡಿತು.

ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಕೆಲಸ ಕೂಡುವುದಿಲ್ಲವೆಂಬುದು ಯಂತ್ರದೊಂದಿಗೆ ಗುದ್ದಾಡಿದವರಿಗೆ ಗೊತ್ತು. ಆ ಲೆನ್ಸಿನ ಹಿಂದಿನ ಗಾಜು ಫಿಲ್ಮಿಗೆ ಕೆಲವೇ ಮಿಲಿಮೀಟರುಗಳಷ್ಟು ಹತ್ತಿರ ಕೂರಬೇಕಿತ್ತು, ಸಿನಿಮಾ ಕ್ಯಾಮೆರಾದಲ್ಲಿ ಆ ಜಾಗದಲ್ಲಿ ಶಟರ್ ಇರುತ್ತದೆ. ಎಡ್ ಡಿಜುಲಿಯೋ ಎಂಬ ತಂತ್ರಜ್ಞರು ಹಳೆಯದೊಂದು ಮಿಚೆಲ್ ಕ್ಯಾಮೆರಾವನ್ನು ಕೊರೆದು, ಕೆತ್ತಿ, ಆ ಲೆನ್ಸನ್ನು ಹಿಡಿಯುವಂತೆ ಮಾಡಿದರು. ಹಾಗೆ ಕೆತ್ತಿದ ಮೇಲೆ ಆ ಕ್ಯಾಮೆರಾಗೆ ಬೇರೆ ಲೆನ್ಸು ಕೂರುವಂತಿರಲಿಲ್ಲ. ಇಷ್ಟಾದ ಮೇಲೆ ಫೋಕಸ್‌ನ ಪೀಡೆ. ಕಿಂಡಿ ಇಷ್ಟು ಅಗಲವಾದಾಗ ಸ್ಪಷ್ಟವಾಗಿ ಕಾಣುವ ಪದರ ತೀರಾ ತೆಳುವಾಗಿರುತ್ತದೆ. ನಟ ತುಸು ಮುಂದಕ್ಕೆ ಬಾಗಿದರೂ ಮುಖ ಮಸುಕಾಗುತ್ತದೆ. ಅದಕ್ಕಾಗಿ ಪಕ್ಕದಿಂದ, ಲಂಬಕೋನದಲ್ಲಿ, ಒಂದು ವಿಡಿಯೋ ಕ್ಯಾಮೆರಾ ಇಟ್ಟು, ಗೆರೆ ಎಳೆದ ಪರದೆಯ ಮೇಲೆ ನಟನ ತಲೆ ಎಲ್ಲಿದೆಯೆಂದು ನೋಡುತ್ತ, ಫೋಕಸ್ ಹಿಡಿಯುವವರು ಲೆನ್ಸನ್ನು ತಿರುಗಿಸುತ್ತಿದ್ದರು.

ನಟರು ಅಲುಗಾಡುವಂತಿರಲಿಲ್ಲ. ನಾನು ಈ ಚಿತ್ರವನ್ನು ಮೆಚ್ಚುವುದು ಲೆನ್ಸಿಗಾಗಿ ಅಲ್ಲ, ಈ ಅಲುಗಾಡದಿರುವಿಕೆಗಾಗಿ. ಇಸ್ಪೀಟಿನ ಮೇಜಿನ ಸುತ್ತ ಮುಖಕ್ಕೆ ಬಿಳಿಯ ಪುಡಿ ಬಳಿದುಕೊಂಡು, ಟೋಪನ್ ಧರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತ ಶ್ರೀಮಂತರು ಚಿತ್ರಪಟದಂತೆ ಸ್ತಬ್ಧರಾಗಿರುತ್ತಾರೆ. ಹಾಗಿರುವುದೇ ಆ ಸಮಾಜದ ಸ್ವಭಾವ. ಅಲ್ಲಿ ಹೊರಗಿನವನೊಬ್ಬ ಒಳಗೆ ಬರಬೇಕಾದರೆ ಅವನೂ ಅಷ್ಟೇ ನಿಶ್ಚಲವಾಗಿ ಕೂರಲು ಕಲಿಯಬೇಕು. ಯಂತ್ರದ ಕೊರತೆ ಕಥೆಯ ಅರ್ಥವಾಗಿ ಬದಲಾಗಿರುವುದನ್ನು ನಾನು ಬೇರೆ ಯಾವ ಚಿತ್ರದಲ್ಲಿಯೂ ಇಷ್ಟು ನಿಚ್ಚಳವಾಗಿ ಕಂಡಿಲ್ಲ.

ಹುಟ್ಟು, ಸಾವು, ಚಿತ್ರಗಳ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. 1928ರ ಜುಲೈ 26ರಂದು ನ್ಯೂಯಾರ್ಕಿನಲ್ಲಿ ಹುಟ್ಟಿ, 1999ರ ಮಾರ್ಚ್ 7ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡರು. 1953ರಿಂದ 1999ರವರೆಗಿನ 46 ವರ್ಷಗಳಲ್ಲಿ ಮಾಡಿದ್ದು 13 ಚಿತ್ರಗಳು. ಕೊನೆಯ ಎರಡರ ನಡುವೆ 12 ವರ್ಷಗಳ ಅಂತರ. 1945ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗ, ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡ ಸುದ್ದಿಯ ಪತ್ರಿಕೆಗಳ ನಡುವೆ ಮಂಕಾಗಿ ಕೂತ ಪತ್ರಿಕೆ ಮಾರುವವನ ಫೋಟೋ ತೆಗೆದು ‘ಲುಕ್’ ಎಂಬ ನಿಯತಕಾಲಿಕಕ್ಕೆ ಮಾರಿದರು. ಮುಂದೆ ಕೆಲವು ವರ್ಷ ಅದೇ ಪತ್ರಿಕೆಯ ಛಾಯಾಗ್ರಾಹಕರಾಗಿದ್ದರು. ಸಿನಿಮಾ ಶಾಲೆಗೆ ಹೋದವರಲ್ಲ. ನಮ್ಮ ತಂದೆಯವರ ಕಸುಬಿನಿಂದಲೇ ಬಂದವರು ಎಂದು ನನಗೊಂದು ಸಣ್ಣ ಜಂಬ.

ಇನ್ನೊಂದು ಕಸುಬೂ ಅವರಿಗಿತ್ತು. ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದಲ್ಲಿ ಪುಡಿಗಾಸಿಗೆ ಪಂದ್ಯ ಕಟ್ಟಿ ಚದುರಂಗ ಆಡುತ್ತಿದ್ದರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿ ಒಮ್ಮೆಯೂ ಮರುಕಳಿಸದಂತೆ ನಡೆಸುವ ಬಂಧಗಳನ್ನು ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನವರಿಗೆ ಚದುರಂಗದ ತಾಳ್ಮೆಯ ಬಗ್ಗೆ ನಾನು ಹೇಳಬೇಕಾದುದಿಲ್ಲ. ಕೈಗೆ ಮೊದಲು ಹೊಳೆದ ನಡೆಯನ್ನು ತಡೆದು, ಇದಕ್ಕಿಂತ ಒಳ್ಳೆಯದು ಇದೆಯೇ ಎಂದು ಮತ್ತೆ ನೋಡುವುದನ್ನು ಆ ಆಟ ಕಲಿಸಿತೆಂಬ ಅರ್ಥದ ಮಾತನ್ನು ಕುಬ್ರಿಕ್ ಸಂದರ್ಶನಗಳಲ್ಲಿ ಆಡಿದ್ದಾರೆ. ಅವರ ಬಗ್ಗೆ ಹಬ್ಬಿರುವ ಒಂದು ತಪ್ಪು ತಿಳಿವಳಿಕೆಯನ್ನು ಈ ಮಾತಿನಿಂದ ಬಿಡಿಸಬಹುದು.

ಕುಬ್ರಿಕ್ ಎಂದಕೂಡಲೇ ಜನ ಟೇಕುಗಳ, ಎಂದರೆ ಒಂದೇ ಶಾಟನ್ನು ಎಷ್ಟು ಸಲ ಚಿತ್ರಿಸಿದರೆಂಬುದರ, ಸಂಖ್ಯೆ ಹೇಳುತ್ತಾರೆ. ಒಂದು ಶಾಟಿಗೆ ಐವತ್ತು ಟೇಕು, ಎಪ್ಪತ್ತು ಟೇಕು. ತಲೆಯಲ್ಲಿ ಮೊದಲೇ ಕೊರೆದಿಟ್ಟ ಚಿತ್ರವೊಂದಿತ್ತು, ನಟರು ಅದಕ್ಕೆ ಹೊಂದುವವರೆಗೆ ಬಿಡುತ್ತಿರಲಿಲ್ಲ ಎಂಬುದು ಇದರ ಹಿಂದಿನ ಕಲ್ಪನೆ. ನನಗೆ ತೋರುವಂತೆ ಸಂಗತಿ ಇದಕ್ಕೆ ತದ್ವಿರುದ್ಧ. ಏನು ಬೇಕೆಂದು ಗೊತ್ತಿದ್ದವರು ಮೂರನೆಯ ಟೇಕಿಗೇ ಸಿಕ್ಕಿತೆಂದು ಎದ್ದುಹೋಗುತ್ತಾರೆ. ಕುಬ್ರಿಕ್‌ಗೆ ಏನು ಬೇಡವೆಂಬುದು ಗೊತ್ತಿತ್ತು, ಏನು ಬೇಕೆಂಬುದು ಎದುರಿಗೆ ಬಂದು ನಿಂತಾಗ ಮಾತ್ರ ಗೊತ್ತಾಗುತ್ತಿತ್ತು. ಆದ್ದರಿಂದಲೇ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಚಿತ್ರದಲ್ಲಿ ಮೂರು ಪಾತ್ರಗಳನ್ನು ಮಾಡಿದ ಪೀಟರ್ ಸೆಲರ್ಸ್ ಕ್ಯಾಮೆರಾದ ಮುಂದೆ ಹುಟ್ಟಿಸಿಕೊಂಡು ಆಡಿದ ಮಾತುಗಳಿಗೆ ಅವರು ಜಾಗ ಬಿಟ್ಟುಕೊಟ್ಟರು. ಮುಷ್ಟಿ ಬಿಗಿಹಿಡಿದವರು ಹಾಗೆ ಬಿಟ್ಟುಕೊಡಲಾರರು.

ಆದರೆ ಈ ಹುಡುಕಾಟದ ಬೆಲೆಯನ್ನು ತೆತ್ತವರು ಯಾರು ಎಂದು ಕೇಳದೆ ಮೆಚ್ಚುವುದು ನನಗೆ ಸರಿಯೆನಿಸುವುದಿಲ್ಲ. 1980ರ ‘ದಿ ಶೈನಿಂಗ್’ ಚಿತ್ರದಲ್ಲಿ ನಟಿ ಶೆಲ್ಲಿ ಡುವಾಲ್ ಕೈಯಲ್ಲಿ ಬ್ಯಾಟು ಹಿಡಿದು, ಅಳುತ್ತ, ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಹತ್ತುವ ದೃಶ್ಯವಿದೆ. ಅದಕ್ಕೆ 127 ಟೇಕುಗಳಾದವೆಂಬ ಮಾತು ದಾಖಲೆಯ ಪುಸ್ತಕದವರೆಗೂ ಹೋಗಿದೆ. ಚಿತ್ರಕ್ಕೆ ಕೆಲಸ ಮಾಡಿದವರೇ ಕೆಲವರು ಆ ಸಂಖ್ಯೆಯನ್ನು ಒಪ್ಪುವುದಿಲ್ಲ. ಸಂಖ್ಯೆ ಎಷ್ಟೇ ಇರಲಿ, ಆಕೆ ತಿಂಗಳುಗಟ್ಟಲೆ ಅಳಬೇಕಾಗಿ ಬಂದದ್ದು ಸತ್ಯ, ಸೆಟ್ಟಿನಲ್ಲಿ ಕುಬ್ರಿಕ್ ಆಕೆಯನ್ನು ಗದರಿಸುವುದು ಅವರ ಮಗಳು ವಿವಿಯನ್ ತೆಗೆದ ಸಾಕ್ಷ್ಯಚಿತ್ರದಲ್ಲೇ ಇದೆ. ಡುವಾಲ್ ಮುಂದೆ ಆ ದಿನಗಳ ಕಷ್ಟವನ್ನೂ ಹೇಳಿಕೊಂಡರು, ಕುಬ್ರಿಕ್‌ರಿಂದ ಕಲಿತದ್ದನ್ನೂ ಹೇಳಿಕೊಂಡರು. ತೆರೆಯ ಮೇಲೆ ಆ ಭಯ ನಿಜವೆನಿಸುತ್ತದೆ. ನಿಜವೆನಿಸಲು ಅಷ್ಟು ಬೇಕಿತ್ತೇ ಎಂಬ ಪ್ರಶ್ನೆ, ಪ್ರತಿ ಸಲ ಆ ದೃಶ್ಯ ನೋಡುವಾಗಲೂ ನನ್ನ ಜೊತೆಗೇ ಕೂತಿರುತ್ತದೆ. ಆ ವರ್ಷ ಹಾಲಿವುಡ್ಡಿನಲ್ಲಿ ಕೆಟ್ಟ ಚಿತ್ರಗಳಿಗೆ ಕೊಡುವ ಗೇಲಿಯ ಬಹುಮಾನ ಮೊದಲ ಬಾರಿಗೆ ಆರಂಭವಾದಾಗ ಆಕೆಯ ಹೆಸರೂ ಪಟ್ಟಿಯಲ್ಲಿತ್ತು, ಕೆಟ್ಟ ನಿರ್ದೇಶಕರ ಪಟ್ಟಿಯಲ್ಲಿ ಕುಬ್ರಿಕ್‌ರ ಹೆಸರೂ ಇತ್ತು. ಆಕೆಯ ಹೆಸರನ್ನು ಆ ಬಹುಮಾನದವರು ಹಿಂತೆಗೆದುಕೊಂಡದ್ದು 2022ರಲ್ಲಿ.

ಅದೇ ಚಿತ್ರದ ಇನ್ನೊಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಕಾದಂಬರಿ ಬರೆಯುತ್ತೇನೆಂದು ನಿರ್ಜನ ಹೋಟೆಲಿನಲ್ಲಿ ದಿನವಿಡೀ ಟೈಪ್‌ರೈಟರ್ ಕುಟ್ಟುವ ಗಂಡ ಬರೆದದ್ದೇನೆಂದು ಹೆಂಡತಿ ಹಾಳೆಗಳನ್ನು ತಿರುವುತ್ತಾಳೆ. ಒಂದೇ ವಾಕ್ಯ, ನೂರಾರು ಹಾಳೆ. ಆಟವಿಲ್ಲದೆ ಬರೀ ಕೆಲಸ ಮಾಡಿದರೆ ಹುಡುಗ ಮಂಕಾಗುತ್ತಾನೆಂಬ ಇಂಗ್ಲಿಷ್ ಗಾದೆ. ಹಾಳೆಯಿಂದ ಹಾಳೆಗೆ ಅಂಚು ಬದಲಾಗುತ್ತದೆ, ಅಕ್ಷರ ತಪ್ಪುತ್ತದೆ, ಸಾಲುಗಳು ಒಮ್ಮೆ ನಾಟಕದ ಸಂಭಾಷಣೆಯಂತೆ, ಒಮ್ಮೆ ಪದ್ಯದಂತೆ ಜೋಡಣೆಗೊಂಡಿರುತ್ತವೆ. ಬೇರೆ ಭಾಷೆಯ ದೇಶಗಳಿಗೆ ಕಳುಹಿಸುವಾಗ ಕೆಳಗೊಂದು ಸಾಲಿನ ಅನುವಾದ ಹಾಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕುಬ್ರಿಕ್ ಆ ಭಾಷೆಗಳಲ್ಲೇ ಹಾಳೆಗಳನ್ನು ಟೈಪ್ ಮಾಡಿಸಿ ಬೇರೆಯಾಗಿ ಚಿತ್ರಿಸಿದರು. ಅದೂ ಇಂಗ್ಲಿಷ್ ಗಾದೆಯ ತರ್ಜುಮೆಯಲ್ಲ, ಆಯಾ ಭಾಷೆಯದೇ ಗಾದೆ. ಇಟಲಿಯವರಿಗೆ ‘ಮುಂಜಾವಿನ ಬಾಯಲ್ಲಿ ಚಿನ್ನವಿದೆ’ ಎಂಬ ಅರ್ಥದ್ದು, ಸ್ಪ್ಯಾನಿಷ್‌ನವರಿಗೆ ‘ಎಷ್ಟು ಬೇಗ ಎದ್ದರೂ ಬೆಳಕು ಬೇಗ ಹರಿಯದು’ ಎಂಬ ಅರ್ಥದ್ದು. ಕನ್ನಡಕ್ಕೆ ಮಾಡಿಸಿದ್ದರೆ ಯಾವುದಿರುತ್ತಿತ್ತೆಂದು ನಾನು ಯೋಚಿಸಿದ್ದುಂಟು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಐನೂರು ಹಾಳೆ ತುಂಬ ಟೈಪಾಗಿರುವುದನ್ನು ಊಹಿಸಿಕೊಳ್ಳಿ; ನಾವು ಮಕ್ಕಳಿಗೆ ಹೇಳಿಕೊಡುವ ಮಾತೇ ಬೆನ್ನಹುರಿಯಲ್ಲಿ ಚಳಿ ಹುಟ್ಟಿಸುತ್ತದೆ.

ಹಾಳೆಗಳ ಬಗ್ಗೆ ಇಷ್ಟು ಎಚ್ಚರ ವಹಿಸಿದವರು ಕುರ್ಚಿಯ ಬಗ್ಗೆ ವಹಿಸಲಿಲ್ಲ. ಗಂಡ ಟೈಪ್ ಮಾಡುತ್ತಿರುವಾಗ ಹೆಂಡತಿ ಬಂದು ಮಾತನಾಡಿಸುವ ದೃಶ್ಯದಲ್ಲಿ ಅವನ ಹಿಂದೆ ಗೋಡೆಗೆ ಒಂದು ಕುರ್ಚಿಯಿದೆ. ಒಂದು ಶಾಟಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಮಾಯವಾಗುತ್ತದೆ, ಮತ್ತೆ ಬರುತ್ತದೆ. ಅದಕ್ಕೆ ಗೂಢಾರ್ಥ ಹಚ್ಚುವ ಅಭಿಮಾನಿಗಳಿದ್ದಾರೆ. ನನಗೆ ಅದು ಬರೀ ಕುರ್ಚಿ. ನಟನೆ ಚೆನ್ನಾಗಿ ಬಂದ ಟೇಕನ್ನು ಕುರ್ಚಿಗಾಗಿ ಬಿಡಲಿಲ್ಲವೆಂದು ನಾನು ಓದಿಕೊಳ್ಳುತ್ತೇನೆ. ಪರಿಪೂರ್ಣತೆಯೆಂದರೆ ತಪ್ಪಿಲ್ಲದಿರುವುದು ಎಂದುಕೊಂಡವರಿಗೆ ಆ ಕುರ್ಚಿಯನ್ನು ತೋರಿಸಬೇಕು.

ಪುಟ್ಟಣ್ಣನವರು ಬರಬೇಕಾದ ಜಾಗ ಇದೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಅವರು 1972ರಲ್ಲಿ ‘ನಾಗರಹಾವು’ ಮಾಡಿದಾಗ, ನನ್ನ ನಾಗರಹಾವನ್ನು ಕೇರೆಹಾವು ಮಾಡಿದ್ದೀರಿ ಎಂದು ಕಾದಂಬರಿಕಾರರು ಬೇಸರಪಟ್ಟರೆಂಬುದು ನಮ್ಮಲ್ಲಿ ಮನೆಮಾತು. ‘ದಿ ಶೈನಿಂಗ್’ ಕಾದಂಬರಿ ಬರೆದ ಸ್ಟೀಫನ್ ಕಿಂಗ್ ಅವರಿಗೂ ಕುಬ್ರಿಕ್‌ರ ಚಿತ್ರ ಹಿಡಿಸಲಿಲ್ಲ. 1997ರಲ್ಲಿ ತಮ್ಮದೇ ಚಿತ್ರಕಥೆಯಿಂದ ಅದನ್ನು ಟೀವಿಗೆ ಮತ್ತೊಮ್ಮೆ ಮಾಡಿಸಿದರು. ಎರಡು ಕಡೆಯೂ ಲೇಖಕರ ನೋವು ನ್ಯಾಯವಾದದ್ದೇ. ಚಿತ್ರದುರ್ಗದ ಕಲ್ಲುಬಂಡೆಗಳ ನಡುವೆ ಪುಟ್ಟಣ್ಣನವರು ನಿಲ್ಲಿಸಿದ ರಾಮಾಚಾರಿಯೂ, ಹಿಮ ಬಿದ್ದ ಹೋಟೆಲಿನಲ್ಲಿ ಕುಬ್ರಿಕ್ ಟೈಪ್ ಮಾಡಲು ಕೂರಿಸಿದ ಗಂಡ ಜ್ಯಾಕನೂ ಪುಟಗಳಿಂದ ಎದ್ದು ಬೇರೆ ಮನುಷ್ಯರಾಗಿಬಿಟ್ಟಿದ್ದಾರೆ. ಪುಸ್ತಕವನ್ನು ತೆರೆಯ ಮೇಲೆ ಓದಿಸುವುದು ಇಬ್ಬರಿಗೂ ಬೇಕಿರಲಿಲ್ಲ.

ಕುಬ್ರಿಕ್‌ರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಎಸೆದದ್ದು. ‘ಸ್ಟ್ರೇಂಜ್‌ಲವ್’ ಚಿತ್ರದ ಕೊನೆಗೆಂದು ಯುದ್ಧದ ಕೊಠಡಿಯಲ್ಲಿ ಸೇನಾಧಿಪತಿಗಳು ಕೆನೆಯ ಕಡುಬುಗಳನ್ನು ಪರಸ್ಪರ ಮುಖಕ್ಕೆ ಎರಚಾಡುವ ದೊಡ್ಡ ದೃಶ್ಯವನ್ನು ಚಿತ್ರಿಸಿ, ನೋಡಿ, ತೆಗೆದುಹಾಕಿದರು. ‘ದಿ ಶೈನಿಂಗ್’ ಬಿಡುಗಡೆಯಾದ ಮೇಲೆ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ ಪ್ರತಿಗಳಿಂದಲೇ ಕೊನೆಯ ಆಸ್ಪತ್ರೆಯ ದೃಶ್ಯವನ್ನು ಕತ್ತರಿಸಿದರು. 1953ರ ತಮ್ಮ ಮೊದಲ ಚಿತ್ರವನ್ನಂತೂ ಯಾರೂ ನೋಡದಿರಲೆಂದು ಪ್ರದರ್ಶನಗಳನ್ನೇ ತಡೆಯಲು ನೋಡಿದರು. ಇದೆಲ್ಲಕ್ಕಿಂತ ಕಠಿಣವಾದದ್ದು ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಸಂಗೀತದ ಕಥೆ. ಅಲೆಕ್ಸ್ ನಾರ್ತ್ ಎಂಬ ಹಿರಿಯ ಸಂಯೋಜಕರು ಅದಕ್ಕೆ ಸಂಗೀತ ಬರೆದುಕೊಟ್ಟಿದ್ದರು. ಕುಬ್ರಿಕ್ ಸಂಕಲನ ಮಾಡುವಾಗ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದ ಹಳೆಯ ಸಂಗೀತವನ್ನೇ, ರಿಚರ್ಡ್ ಸ್ಟ್ರಾಸ್, ಯೋಹಾನ್ ಸ್ಟ್ರಾಸ್, ಲಿಗೆಟಿ ಅವರದನ್ನು, ಉಳಿಸಿಕೊಂಡರು. ತನ್ನ ಒಂದು ಸ್ವರವೂ ಚಿತ್ರದಲ್ಲಿಲ್ಲವೆಂಬುದು ನಾರ್ತ್‌ಗೆ ತಿಳಿದದ್ದು ಚಿತ್ರವನ್ನು ನೋಡುತ್ತ ಕೂತಾಗ. ಹೀಗೆ ಮಾಡಬಾರದಿತ್ತು, ಒಂದು ಮಾತು ಮೊದಲೇ ಹೇಳಬಹುದಿತ್ತು. ಆದರೆ ಅಂತರಿಕ್ಷ ನೌಕೆ ತಿರುಗುವಾಗ ಯೋಹಾನ್ ಸ್ಟ್ರಾಸ್ ಅವರ ಆ ವಾಲ್ಟ್ಸ್ ನೃತ್ಯಸಂಗೀತ ಇಲ್ಲದೆ ಈಗ ಯಾರಿಗಾದರೂ ಅದನ್ನು ನೆನೆಸಿಕೊಳ್ಳಲು ಆಗುತ್ತದೆಯೇ?

1968ರ ಏಪ್ರಿಲಿನಲ್ಲಿ ತೆರೆಕಂಡ ಆ ಚಿತ್ರಕ್ಕಾಗಿ ಇಂಗ್ಲೆಂಡಿನ ವಿಕರ್ಸ್ ಕಂಪನಿಯಿಂದ ಸುಮಾರು 38 ಅಡಿ ವ್ಯಾಸದ, 30 ಟನ್ ತೂಕದ ತಿರುಗುವ ಚಕ್ರವನ್ನು ಕಟ್ಟಿಸಿದ್ದರು. ನಮ್ಮ ಜಾತ್ರೆಗಳ ತೊಟ್ಟಿಲಿನ ಹಾಗೆ ಇಡೀ ಕೋಣೆಯೇ ತಿರುಗುತ್ತದೆ, ನಟ ಕೆಳಗೇ ನಡೆಯುತ್ತಿರುತ್ತಾನೆ, ನೋಡುವವರಿಗೆ ಅವನು ಗೋಡೆ ಹತ್ತಿ ಚಾವಣಿಯಲ್ಲಿ ಓಡಿದಂತೆ ಕಾಣುತ್ತದೆ. ಮನುಷ್ಯ ಚಂದ್ರನ ಮೇಲೆ ಇಳಿಯಲು ಇನ್ನೂ ವರ್ಷದ ಮೇಲಿತ್ತು. ಇಷ್ಟು ಖರ್ಚು ಮಾಡಿದ ಚಿತ್ರದ ಮೊದಲ ಇಪ್ಪತ್ತೈದು ನಿಮಿಷ ಯಾರೂ ಒಂದು ಮಾತೂ ಆಡುವುದಿಲ್ಲ. ಮೊದಲ ಪ್ರದರ್ಶನಗಳಲ್ಲಿ ಜನ ಬೇಸರಪಟ್ಟು ಎದ್ದುಹೋಗುತ್ತಿದ್ದುದನ್ನು ಕಂಡ ಕುಬ್ರಿಕ್ ಕೂಡಲೇ 19 ನಿಮಿಷಗಳನ್ನು ಕತ್ತರಿಸಿದರು. ಮಾತನ್ನು ಮಾತ್ರ ಸೇರಿಸಲಿಲ್ಲ.

ಅವರು ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಊರು ಬಿಟ್ಟು ಹೋಗಲು ಒಲ್ಲದೆ ಲೋಕವನ್ನೇ ಮನೆಯ ಹತ್ತಿರಕ್ಕೆ ತರಿಸಿಕೊಂಡದ್ದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದುವರಿಯುತ್ತೇನೆ. 1987ರ ‘ಫುಲ್ ಮೆಟಲ್ ಜಾಕೆಟ್’ ಚಿತ್ರದ ವಿಯೆಟ್ನಾಂ ನಗರವೆಂದರೆ ಲಂಡನ್ನಿನ ಪೂರ್ವಕ್ಕಿರುವ ಬೆಕ್ಟನ್ ಎಂಬಲ್ಲಿನ ಪಾಳುಬಿದ್ದ ಅನಿಲ ಕಾರ್ಖಾನೆ. ತಾಳೆ ಮರಗಳು ಸ್ಪೇನಿನಿಂದ ಬಂದವು. ಕೊನೆಯ ಚಿತ್ರ ‘ಐಸ್ ವೈಡ್ ಶಟ್’ನ ನ್ಯೂಯಾರ್ಕ್ ಬೀದಿಗಳನ್ನು ಕಟ್ಟಿದ್ದು ಪೈನ್‌ವುಡ್ ಸ್ಟುಡಿಯೋದಲ್ಲಿ. ಅದರ ಸಂಕಲನವನ್ನು ನಿರ್ಮಾಪಕ ಕಂಪನಿಗೆ ತೋರಿಸಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇನ್ನೂ ಬದುಕಿದ್ದರೆ ಅದರಿಂದಲೂ ಏನನ್ನಾದರೂ ಕತ್ತರಿಸುತ್ತಿದ್ದರೆಂದೇ ನನ್ನ ಗುಮಾನಿ.

ಈಗ ನಾವು ನೋಡಲಿರುವುದು ‘ಬ್ಯಾರಿ ಲಿಂಡನ್’ ಚಿತ್ರದ ಇಸ್ಪೀಟಿನ ಮೇಜಿನ ದೃಶ್ಯ. ಹೊರಗಿನಿಂದ ಆ ಸಮಾಜದೊಳಕ್ಕೆ ಬಂದ ಬ್ಯಾರಿಯೂ ಶ್ರೀಮಂತೆ ಲೇಡಿ ಲಿಂಡನ್ನೂ ಬತ್ತಿಗಳ ಆಚೆ ಈಚೆ ಕೂತು ಪರಸ್ಪರ ನೋಡುತ್ತಾರೆ. ಆಕೆ ಎದ್ದು ಹೊರಗಿನ ಬೆಳದಿಂಗಳ ಜಗಲಿಗೆ ಹೋಗುತ್ತಾಳೆ. ಆತ ನಿಧಾನವಾಗಿ ಹಿಂದೆಯೇ ಬಂದು ಕೈ ಹಿಡಿಯುತ್ತಾನೆ. ಇಬ್ಬರ ನಡುವೆ ಮಾತಿಲ್ಲ. ಇರುವುದು ಶೂಬರ್ಟ್‌ನ ಸಂಗೀತ: ಪಿಯಾನೋ, ಪಿಟೀಲು, ಚೆಲ್ಲೋ. ಒಂದು ಸಂಗತಿಯನ್ನು ಗಮನಿಸಬೇಕೆಂದು ಕೋರುತ್ತೇನೆ. ಚಿತ್ರದ ಕಥೆ ಮುಗಿಯುವುದು 1789ರಲ್ಲಿ. ಶೂಬರ್ಟ್ ಆ ಕೃತಿಯನ್ನು ರಚಿಸಿದ್ದು 1827ರಲ್ಲಿ. ಬತ್ತಿಯ ಬೆಳಕು ಆ ಕಾಲದ್ದೇ ಆಗಬೇಕೆಂದು ಅಂತರಿಕ್ಷದ ಲೆನ್ಸು ತಂದ ಮನುಷ್ಯ, ಸಂಗೀತ ಆ ಕಾಲದ್ದಲ್ಲವೆಂದು ತಿಳಿದೂ ತಿಳಿದೂ ಅದನ್ನು ಇಟ್ಟುಕೊಂಡರು. ಹದಿನೆಂಟನೆಯ ಶತಮಾನದ ಸಂಗೀತದ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿಕೊಂಡು ಕೇಳಿ, ಅದರಲ್ಲಿ ದುರಂತದ ನೆರಳಿರುವ ಪ್ರೇಮದ ರಾಗ ತಮಗೆ ಸಿಗಲಿಲ್ಲವೆಂಬ ಕಾರಣವನ್ನು ಅವರೇ ಹೇಳಿದ್ದಾರೆ.

ದೃಶ್ಯದಲ್ಲಿ ಲೇಡಿ ಲಿಂಡನ್ನಳ ಎದೆ ಉಸಿರಿಗೆ ಏರಿಳಿಯುವುದು ಕಾಣುತ್ತದೆ. ಉಳಿದ ಮೈಯೆಲ್ಲ ಸ್ತಬ್ಧ. ಬಾಗಿಲ ಬಳಿ ಕೂತವರು ದಯವಿಟ್ಟು ಆ ಎರಡು ಟ್ಯೂಬ್‌ಲೈಟುಗಳನ್ನು ಆರಿಸಿ, ಕಿಟಕಿಯ ಪರದೆಯನ್ನೂ ಎಳೆದುಬಿಡಿ. ಬೀದಿದೀಪದ ಬೆಳಕು ನೇರ ತೆರೆಯ ಮೇಲೆ ಬೀಳುತ್ತಿದೆ.